ಮೊಸಾಯಿಕ್ ನೆಲ: ಹಾಕೋದು ಎರಡು ದಿನ, ಕಾಯೋದು ಮೂರು ವಾರ

ಶಿಕಾರಿಪುರ, ಸೊರಬ ಕಡೆಯ ಹಳೇ ತಾರಸಿ ಮನೆಗಳಲ್ಲಿ, ಶಾಲೆ, ಬ್ಯಾಂಕು, ಆಸ್ಪತ್ರೆಗಳಲ್ಲಿ ಒಂದು ನೆಲ ಇರತ್ತೆ. ಬಿಳಿ, ಕಪ್ಪು, ಹಸಿರು ಚುಕ್ಕಿ. ಬೇಸಿಗೆಯಲ್ಲೂ ಕಾಲಿಗೆ ತಣ್ಣಗೆ. ಎಲ್ಲರೂ ಅದನ್ನು ಮೊಸಾಯಿಕ್ ಅಂತಾರೆ. ನಮ್ಮ ಸಿವಿಲ್ ಪುಸ್ತಕಗಳಲ್ಲಿ ಅದರ ಹೆಸರು ಟೆರಾಝೋ. ಎರಡೂ ಒಂದೇ ಅಲ್ಲ. ಮೊಸಾಯಿಕ್ ಅಂದರೆ ಬಣ್ಣದ ಸಣ್ಣ ತುಂಡುಗಳನ್ನು ಒಂದೊಂದಾಗಿ ಕೂರಿಸಿ ಚಿತ್ರ ಮಾಡೋದು. ಟೆರಾಝೋದಲ್ಲಿ ಕಲ್ಲಿನ ಚೂರುಗಳನ್ನು ಸಿಮೆಂಟಿನ ಜೊತೆ ಕಲಸಿ ಹಾಸಿ, ಗಟ್ಟಿಯಾದ ಮೇಲೆ ಮೇಲ್ಮೈಯನ್ನು ಉಜ್ಜಿ ಉಜ್ಜಿ ಸವೆಸ್ತಾರೆ. ಕಲ್ಲಿನ ಒಳಗಿನ ಬಣ್ಣ ಆಗ ಹೊರಗೆ ಬರತ್ತೆ. ಇಟಲಿಯ ವೆನಿಸ್ ಕಡೆ ಅಮೃತಶಿಲೆಯ ಕೆಲಸದಲ್ಲಿ ಉಳಿದ ಚೂರುಗಳನ್ನು ಬಳಸಿಕೊಳ್ಳೋಕೆ ಶುರುವಾದ ವಿದ್ಯೆ ಇದು. ನಮ್ಮೂರಿನವರು ಮೊಸಾಯಿಕ್ ಅಂದಿದ್ದಾರೆ, ನಾವೂ ಇಲ್ಲಿ ಹಾಗೇ ಕರೀತೀವಿ.

ಇದನ್ನು ಬರೀತಿರೋ ನಾವು ಮೂರು ಜನ, ಎರಡನೇ ವರ್ಷದ ಸಿವಿಲ್. ಇಬ್ಬರದು ಶಿಕಾರಿಪುರ ತಾಲ್ಲೂಕು, ಒಬ್ಬರದು ಸೊರಬ. ಸೊರಬದ ನಮ್ಮ ಗೆಳೆಯನ ದೊಡ್ಡಪ್ಪನ ಮನೆ ಹಾಲ್‌ನ ಮೊಸಾಯಿಕ್ ಮಂಕಾಗಿದೆ, ಅದರ ಮೇಲೆ ವಿಟ್ರಿಫೈಡ್ ಟೈಲ್ಸ್ ಹಾಕಿಸೋದು ಅಂತ ಮನೆಯಲ್ಲಿ ಮಾತು ನಡೀತಿತ್ತು. "ನೀವು ಇಂಜಿನಿಯರಿಂಗ್ ಓದ್ತಿದೀರಲ್ಲ, ನೀವೇ ಹೇಳ್ರಪ್ಪ" ಅಂದ್ರು ದೊಡ್ಡಪ್ಪ. ಹೇಳಬೇಕಾದರೆ ಆ ನೆಲ ಹೇಗೆ ಹಾಕಿದ್ದು ಅಂತ ಮೊದಲು ಗೊತ್ತಾಗಬೇಕು. ಹಾಗಾಗಿ ರಜೆಯಲ್ಲಿ ಶಿರಾಳಕೊಪ್ಪದ ಹತ್ತಿರದ ಒಬ್ಬ ಹಿರಿಯ ಮೇಸ್ತ್ರಿಯವರನ್ನು ಹುಡುಕಿಕೊಂಡು ಹೋದ್ವಿ. ಅವರು ಹೇಳಿದ್ದನ್ನೂ ಲೈಬ್ರರಿಯಲ್ಲಿ ಸಿಕ್ಕ ಐಎಸ್ 2114 ಅನ್ನೋ ಕೋಡನ್ನೂ ಕೇಂದ್ರ ಲೋಕೋಪಯೋಗಿ ಇಲಾಖೆಯ ಸ್ಪೆಸಿಫಿಕೇಶನ್ನನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದ್ದು ಈ ಲೇಖನ. ಆಶ್ಚರ್ಯ ಅಂದ್ರೆ ಮೂರೂ ಬಹುತೇಕ ಒಂದೇ ಮಾತು ಹೇಳ್ತವೆ. ಮೇಸ್ತ್ರಿ ಬೊಗಸೆ, ಬಾಂಡ್ಲಿಯ ಲೆಕ್ಕದಲ್ಲಿ ಹೇಳ್ತಾರೆ, ಕೋಡು ಮಿಲಿಮೀಟರಿನಲ್ಲಿ ಹೇಳತ್ತೆ.

ನೆಲ ಎರಡು ಪದರ. ಕೆಳಗೆ 1:2:4ರ ಮಾಮೂಲಿ ಕಾಂಕ್ರೀಟು, ಮೇಲೆ ಚಿಪ್ಸ್ ಇರುವ ತೆಳು ಪದರ. ಒಟ್ಟು ದಪ್ಪ 40 ಮಿ.ಮೀ. ಅಂತಿಟ್ಟುಕೊಳ್ಳಿ. 1ರಿಂದ 4 ಮಿ.ಮೀ. ಗಾತ್ರದ ಸಣ್ಣ ಚಿಪ್ಸ್ ಆದರೆ ಕೆಳಗಡೆ 34, ಮೇಲೆ ಬರೀ 6. 4ರಿಂದ 7 ಮಿ.ಮೀ. ಚಿಪ್ಸ್‌ಗೆ ಮೇಲ್ಪದರ 9, 7ರಿಂದ 10ಕ್ಕೆ 12. ಚೂರು ದೊಡ್ಡದಾದಷ್ಟೂ ಅದನ್ನು ಹಿಡಿದುಕೊಳ್ಳೋಕೆ ಪದರವೂ ದಪ್ಪ ಬೇಕು, ಇಲ್ಲದಿದ್ರೆ ಉಜ್ಜುವಾಗ ಕಿತ್ತು ಬರತ್ತೆ. ಮೇಲ್ಪದರಕ್ಕೆ ಮೊದಲು ಮೂರು ಪಾಲು ಸಿಮೆಂಟು, ಒಂದು ಪಾಲು ಮಾರ್ಬಲ್ ಪುಡಿ, ತೂಕದ ಲೆಕ್ಕದಲ್ಲಿ. ಆಮೇಲೆ ಆ ಪುಡಿ ನಾಲ್ಕು ಪಾಲಿಗೆ ಚಿಪ್ಸ್ ಏಳು ಪಾಲು, ಈ ಸಲ ಅಳತೆಯ ಲೆಕ್ಕದಲ್ಲಿ. ತೂಕ, ಅಳತೆ ಎರಡೂ ಒಂದೇ ಮಿಶ್ರಣದಲ್ಲಿ ಬರೋದು ಪರೀಕ್ಷೆಗೆ ಓದುವವರಿಗೆ ತಲೆನೋವು, ಆದರೆ ಸೈಟಿನಲ್ಲಿ ಸಿಮೆಂಟ್ ಚೀಲ ತೂಕಕ್ಕೇ ಬರತ್ತೆ, ಚಿಪ್ಸನ್ನು ಡಬ್ಬದಲ್ಲೇ ಅಳೀತಾರೆ.

ಒಂದು ಲೆಕ್ಕ ಮಾಡಿ ನೋಡಿದ್ವಿ. ಹತ್ತಡಿ ಹನ್ನೆರಡಡಿಯ ರೂಮು, ಸುಮಾರು 11.15 ಚದರ ಮೀಟರ್. ಒಂದೊಂದು ಪ್ಯಾನೆಲ್ 2 ಚದರ ಮೀಟರ್ ದಾಟಬಾರದು ಅಂತ ನಿಯಮ. ಐದಡಿ ನಾಲ್ಕಡಿಯ ಆರು ಪ್ಯಾನೆಲ್ ಮಾಡಿದ್ರೆ ಒಂದೊಂದು 1.86 ಚದರ ಮೀಟರ್ ಬರತ್ತೆ, ಸರಿಹೋಗತ್ತೆ. ಆ ಒಂದು ಪ್ಯಾನೆಲ್‌ನ 6 ಮಿ.ಮೀ. ಮೇಲ್ಪದರ ಎಷ್ಟು ಗೊತ್ತಾ? ಸುಮಾರು 11 ಲೀಟರ್. ಸ್ನಾನದ ಬಕೆಟ್ಟಿನಷ್ಟೂ ಇಲ್ಲ. ಮನೆಗೆ ಬಂದವರು ನೋಡಿ ಹೊಗಳೋ ಅಂದ ಎಲ್ಲ ಅಷ್ಟರಲ್ಲೇ ಇರೋದು.

ಪ್ಯಾನೆಲ್ ಯಾಕೆ ಬೇಕು? ಸಿಮೆಂಟು ಒಣಗುವಾಗ ಕುಗ್ಗತ್ತೆ, ಎಲ್ಲಾದರೂ ಬಿರುಕು ಬಿಡಲೇಬೇಕು. ನಾವೇ ಗೆರೆ ಹಾಕಿಕೊಟ್ಟರೆ ಆ ಗೆರೆಯಲ್ಲಿ ಬಿಡತ್ತೆ. ಗೆರೆ ಅಂದರೆ 4 ಮಿ.ಮೀ. ದಪ್ಪದ ಗಾಜಿನ ಪಟ್ಟಿ, ಇಲ್ಲಾ ಹಿತ್ತಾಳೆ, ಅಲ್ಯೂಮಿನಿಯಂ ಪಟ್ಟಿ. ಅಲ್ಯೂಮಿನಿಯಂ ಹಸಿ ಸಿಮೆಂಟಿನ ಕ್ಷಾರಕ್ಕೆ ತಿಂದುಹೋಗತ್ತೆ, ಅದಕ್ಕೇ ಮೊದಲೇ ಬಿಟುಮೆನ್ ಬಳೀಬೇಕು. ಫಸ್ಟ್ ಇಯರ್ ಕೆಮಿಸ್ಟ್ರಿ ಇಲ್ಲಿ ಕೆಲಸಕ್ಕೆ ಬಂತು. ಪಟ್ಟಿಗಳನ್ನು ದಾರ ಕಟ್ಟಿ, ನೀರು ತುಂಬಿದ ಪೈಪಿನಿಂದ ಮಟ್ಟ ನೋಡಿ ನಿಲ್ಲಿಸ್ತಾರೆ. ಪಟ್ಟಿಯ ಮೇಲಂಚೇ ನೆಲದ ಮಟ್ಟ. ಅದು ತಪ್ಪಿದರೆ ಮುಂದೆ ಯಾವ ಮಿಶನ್ನೂ ಸರಿಮಾಡಲ್ಲ.

ಅಲಂಕಾರದ ಗುಟ್ಟೂ ಈ ಪಟ್ಟಿಯಲ್ಲೇ ಇದೆ. ಪಟ್ಟಿಯ ಒಂದು ಕಡೆ ಕೆಂಪು, ಇನ್ನೊಂದು ಕಡೆ ಬಿಳಿ ಹಾಕಿದ್ರೆ ಬಣ್ಣ ಬೆರೆಯಲ್ಲ. ಗೋಡೆಯ ಉದ್ದಕ್ಕೂ ಕಪ್ಪು ಅಂಚು, ನಡುವೆ ನಕ್ಷತ್ರ, ಹೊಸ್ತಿಲ ಮುಂದೆ ಹೂವು, ಎಲ್ಲಾ ಹೀಗೇ. ಗಾಜು ಬಾಗಲ್ಲ, ಹಾಗಾಗಿ ಗಾಜಿನಲ್ಲಿ ನಕ್ಷತ್ರ, ವಜ್ರದಾಕಾರ ಸುಲಭ. ಹೂವಿನ ದಳಕ್ಕೆ ಹಿತ್ತಾಳೆ ಪಟ್ಟಿಯನ್ನು ಕೈಯಲ್ಲೇ ಬಗ್ಗಿಸ್ತಾರೆ. ಹಳೇ ಮನೆಯಲ್ಲಿ ಗೆರೆ ಎಲ್ಲಾ ನೇರ ಇದ್ದು, ಡಿಸೈನ್ ಮೂಲೆ ಮೂಲೆಯಾಗಿದ್ರೆ ಅದು ಗಾಜಿನ ಕೆಲಸ ಇರಬಹುದು ಅಂತ ನಾವೀಗ ಊಹಿಸ್ತೀವಿ. ಮೇಸ್ತ್ರಿ ಮಾತ್ರ ಬಗ್ಗಿ ಉಗುರಿನಿಂದ ಒಂದು ಸಲ ಗೀರಿ ಹೇಳಿಬಿಡ್ತಾರೆ.

ಬಣ್ಣಕ್ಕೆ ಕಬ್ಬಿಣದ ಆಕ್ಸೈಡು: ಕೆಂಪು, ಹಳದಿ. ಹಸಿರಿಗೆ ಕ್ರೋಮಿಯಂ ಆಕ್ಸೈಡು. ತಿಳಿ ಬಣ್ಣ ಬೇಕಾದ್ರೆ ಬಿಳಿ ಸಿಮೆಂಟು ಬೇಕೇಬೇಕು, ಬೂದು ಸಿಮೆಂಟಿನಲ್ಲಿ ಹಳದಿ ಹಾಕಿದ್ರೆ ಕೆಸರಿನ ಬಣ್ಣ ಬರತ್ತೆ. ಇಡೀ ರೂಮಿಗೆ ಬೇಕಾಗೋ ಬಣ್ಣ ಮತ್ತು ಸಿಮೆಂಟನ್ನು ಒಂದೇ ಸಲ, ಒಣಗಿರುವಾಗಲೇ ಕಲಸಿ ಚೀಲದಲ್ಲಿ ಕಟ್ಟಿಡಬೇಕು. ಇವತ್ತು ಸ್ವಲ್ಪ, ನಾಳೆ ಸ್ವಲ್ಪ ಕಲಸಿದ್ರೆ ಪ್ಯಾನೆಲ್‌ನಿಂದ ಪ್ಯಾನೆಲ್‌ಗೆ ಬಣ್ಣ ಬೇರೆ ಆಗತ್ತೆ. "ಅಡುಗೆಯವರು ಸಾರಿನ ಪುಡಿ ಒಂದೇ ಸಲ ಕುಟ್ಟಿ ಇಡಲ್ವಾ, ಹಂಗೆ" ಅಂದ್ರು ಮೇಸ್ತ್ರಿ.

ಕೆಳಗಿನ ಕಾಂಕ್ರೀಟು ಹಾಕಿ ಸುಮಾರು 18ರಿಂದ 24 ಗಂಟೆಗೆ, ಅದು ಪೂರ್ತಿ ಗಟ್ಟಿಯಾಗೋದ್ರೊಳಗೆ ಮೇಲ್ಪದರ ಬರಬೇಕು. ತಡ ಆದ್ರೆ ಎರಡೂ ಕಚ್ಚಿಕೊಳ್ಳಲ್ಲ, ಬೇಗ ಆದ್ರೆ ಕೆಳಗಿನ ಸಿಮೆಂಟು ಮೇಲೆದ್ದು ಬಣ್ಣ ಕೆಡಿಸತ್ತೆ. ಮಿಶ್ರಣಕ್ಕೆ ನೀರು ಕಡಿಮೆ. ಕರಣೆಯಲ್ಲಿ ಹರಡಿ, ಮಟ್ಟಗೋಲು ಎಳೆದು, ಮರದ ಹಲಗೆಯಿಂದ ತಟ್ಟಿ, ಮೇಲಿಂದ ರೋಲರ್ ಉರುಳಿಸ್ತಾರೆ. ಎಲ್ಲಿ ಚಿಪ್ಸ್ ಕಮ್ಮಿ ಕಾಣತ್ತೋ ಅಲ್ಲಿಗೆ ಒಂದು ಹಿಡಿ ಚಿಪ್ಸ್ ಎರಚಿ ಮತ್ತೆ ರೋಲರ್. ಕೊನೆಗೆ ಮೇಲ್ಮೈಯ ಮುಕ್ಕಾಲು ಪಾಲಿಗೂ ಹೆಚ್ಚು ಕಲ್ಲೇ ಇರಬೇಕು. ಕರಣೆಯಲ್ಲಿ ಅತಿಯಾಗಿ ತೀಡೋದು ಹೊಸಬರ ಚಟವಂತೆ. ತೀಡಿದಷ್ಟೂ ಸಿಮೆಂಟಿನ ಹಾಲು ಮೇಲೆ ಬಂದು ಕಲ್ಲು ಕೆಳಗೆ ಹೋಗತ್ತೆ. ಆ ಹೊತ್ತಿಗೆ ನುಣ್ಣಗೆ ಚಂದ ಕಾಣತ್ತೆ, ಆಮೇಲೆ ಉಜ್ಜಿದ್ರೆ ಬರೀ ಸಿಮೆಂಟು.

ಇಲ್ಲಿಗೆ ಎರಡು ದಿನ. ಇನ್ನು ಕಾಯೋದು.

ಕ್ಯೂರಿಂಗ್‌ಗೆ ಮೇಸ್ತ್ರಿ ಹೇಳೋ ಮಾತು "ನೀರು ಕುಡಿಸೋದು". ನಮ್ಮ ಪಠ್ಯಪುಸ್ತಕದ ಹೈಡ್ರೇಶನ್‌ಗೆ ಇದಕ್ಕಿಂತ ಒಳ್ಳೇ ಕನ್ನಡ ನಮಗೆ ಸಿಕ್ಕಿಲ್ಲ. ಗದ್ದೆಗೆ ಬದು ಕಟ್ಟಿದ ಹಾಗೆ ರೂಮಿನೊಳಗೆ ಮಣ್ಣಿನ ಸಣ್ಣ ಬದು ಕಟ್ಟಿ ನೀರು ನಿಲ್ಲಿಸ್ತಾರೆ. ಸೊರಬದಂಥ ಮಲೆನಾಡಿನಲ್ಲಿ ಮನೆ ಕೆಲಸ ನಡೆಯೋದು ಮಳೆ ಮುಗಿದ ಮೇಲೆ, ಅಂದರೆ ನೀರಿನ ಅಗತ್ಯ ಹೆಚ್ಚಾಗೋದು ಬಿಸಿಲು ಏರೋ ಹೊತ್ತಿಗೇ. ಶಿಕಾರಿಪುರದ ಮಾರ್ಚ್ ತಿಂಗಳ ಗಾಳಿಗೆ ಒಂದು ಮಧ್ಯಾಹ್ನ ನೀರು ಆರಿದ್ರೂ ಕೂದಲೆಳೆಯಂಥ ಬಿರುಕು ಬಂತು ಅಂತಲೇ ಲೆಕ್ಕ.

ಏಳು ದಿನ ಆದ ಮೇಲೆ ಮಿಶನ್ ಬರತ್ತೆ. ಮೊದಲ ಸಲ 60 ನಂಬರಿನ ಒರಟು ಕಾರ್ಬೊರಂಡಮ್ ಕಲ್ಲು. ನೀರು ಬಿಡ್ತಾ ಉಜ್ಜಿದ್ರೆ ಬೂದು ಬಣ್ಣದ ಕೆಸರು ಹರಿದು ಚಿಪ್ಸ್ ಮುಖ ತೋರಿಸತ್ತೆ. ಜೊತೆಗೆ ಸಣ್ಣ ಸಣ್ಣ ತೂತುಗಳೂ ತೆರೆದುಕೊಳ್ತವೆ. ಈಗ ತೊಳೆದು, ಅದೇ ಬಣ್ಣದ ಸಿಮೆಂಟಿನ ಹಾಲನ್ನು ಇಡೀ ನೆಲಕ್ಕೆ ಬಳಿದು ತೂತು ಮುಚ್ತಾರೆ, ಮತ್ತೆ ಒಂದು ವಾರ ನೀರು. ಆಮೇಲೆ 120 ನಂಬರಿನ ಕಲ್ಲು. ಮತ್ತೆ ಹಾಲು, ಮತ್ತೆ ಕೆಲವು ದಿನ. ಕೊನೆಗೆ 320. ಮಿಶನ್ ಮೂಲೆಗೆ ಹೋಗಲ್ಲ, ಅಲ್ಲಿ ಕುಕ್ಕರಗಾಲಿನಲ್ಲಿ ಕೂತು ಕೈಯಲ್ಲೇ ಕಲ್ಲು ಉಜ್ಜಬೇಕು. ಮೆಟ್ಟಿಲು, ಸ್ಕರ್ಟಿಂಗ್ ಪೂರ್ತಿ ಕೈ ಕೆಲಸ.

ಪ್ರತಿ ಕಲ್ಲೂ ಹಿಂದಿನ ಕಲ್ಲು ಮಾಡಿದ ಗೀರನ್ನು ಅಳಿಸಿ ತನ್ನದೇ ಸಣ್ಣ ಗೀರು ಬಿಡತ್ತೆ. ಗೀರು ಕಣ್ಣಿಗೆ ಕಾಣದಷ್ಟು ಸಣ್ಣದಾದಾಗ ನಾವು ಅದನ್ನು ಹೊಳಪು ಅಂತೀವಿ. 120 ಬಿಟ್ಟು ನೇರ 320ಕ್ಕೆ ಹೋದ್ರೆ 60ರ ಗೀರು ಕೆಳಗೇ ಉಳಿಯತ್ತೆ, ಸಂಜೆ ಬಾಗಿಲಿಂದ ಓರೆ ಬೆಳಕು ಬಿದ್ದಾಗ ಸುತ್ತು ಸುತ್ತಾಗಿ ಎಲ್ಲಾ ಕಾಣತ್ತೆ. ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನದ ಕಂಬಗಳನ್ನು ಮುಟ್ಟಿದವರಿಗೆ ಉಜ್ಜಿದ ಕಲ್ಲಿನ ನುಣುಪು ಏನು ಅಂತ ಹೇಳಬೇಕಾಗಿಲ್ಲ. ಅದು ಬಳಪದ ಕಲ್ಲು, ಮೆದು. ಇಲ್ಲಿ ಕಷ್ಟ ಇರೋದು ಗಟ್ಟಿ ಚಿಪ್ಸೂ ಅದಕ್ಕಿಂತ ಮೆದುವಾದ ಸಿಮೆಂಟೂ ಒಂದೇ ಮಟ್ಟದಲ್ಲಿ ಸವೆಯಬೇಕು ಅನ್ನೋದರಲ್ಲಿ. ನೀರು ಸರಿಯಾಗಿ ಕುಡಿಯದ ಸಿಮೆಂಟು ಬೇಗ ಸವೆದು ಚಿಪ್ಸ್ ಉಬ್ಬಿ ನಿಲ್ಲತ್ತೆ. ಕಾದ ವಾರ ಇಲ್ಲಿ ಲೆಕ್ಕಕ್ಕೆ ಬರತ್ತೆ.

ಕೊನೆಯ ಹೊಳಪಿಗೆ ಆಕ್ಸಾಲಿಕ್ ಆಸಿಡ್ ಪುಡಿ, ಚದರ ಮೀಟರಿಗೆ 33 ಗ್ರಾಂ. ನಮ್ಮ ಹತ್ತು ಹನ್ನೆರಡರ ರೂಮಿಗೆ ಸುಮಾರು 370 ಗ್ರಾಂ. ನೀರು ಚಿಮುಕಿಸಿ ಉಣ್ಣೆ ಬಟ್ಟೆಯ ಗಟ್ಟಿ ಉಂಡೆಯಿಂದ ತಿಕ್ಕಬೇಕು. ಕಬ್ಬಿಣದ ಕಲೆ ಹೋಗತ್ತೆ, ಕ್ಯಾಲ್ಸಿಯಂ ಜೊತೆ ಸೇರಿ ನೀರಿಗೆ ಕರಗದ ಕ್ಯಾಲ್ಸಿಯಂ ಆಕ್ಸಲೇಟ್ ಆಗತ್ತೆ. ಅದು ವಿಷ, ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ. ಆಮೇಲೆ ತೆಳುವಾಗಿ ಮೇಣ. ಇದೇ ನೆಲಕ್ಕೆ ಬಾತ್‌ರೂಮ್ ತೊಳೆಯೋ ಆಸಿಡ್ ಹಾಕಿದ್ರೆ ಕಥೆ ಬೇರೆ. ಅದು ಹೈಡ್ರೋಕ್ಲೋರಿಕ್. ಮಾರ್ಬಲ್ ಕ್ಯಾಲ್ಸಿಯಂ ಕಾರ್ಬೊನೇಟ್ ಆದ್ದರಿಂದ ಬುರುಬುರು ನೊರೆ ಬಂದು ಹೊಳಪೆಲ್ಲ ಹೋಗತ್ತೆ. ನಿಂಬೆಹಣ್ಣು, ಹುಣಸೆಹುಳಿ ಚೆಲ್ಲಿ ಬಿಟ್ರೂ ನಿಧಾನಕ್ಕೆ ಅದೇ ಆಗತ್ತೆ.

ಮಿಶನ್ ಬಗ್ಗೆ ಒಂದು ಮಾತು. ನೀರು ನಿಂತ ನೆಲದ ಮೇಲೆ ಕರೆಂಟಿನ ಮೋಟಾರು, ಬರಿಗಾಲಿನ ಮನುಷ್ಯ. ಸೈಟಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಇದನ್ನು ಓಡಿಸಬಾರದು. ಹಾಗಂತ ನೀರು ಬೇಡ, ಒಣಗಿದ್ದೇ ಉಜ್ಜೋಣ ಅನ್ನೋ ಹಾಗೂ ಇಲ್ಲ. ಮರಳಿನಲ್ಲಿರೋ ಸಿಲಿಕಾದ ನುಣುಪು ಧೂಳು ಶ್ವಾಸಕೋಶಕ್ಕೆ ಹೋದ್ರೆ ಸಿಲಿಕೋಸಿಸ್, ಅದಕ್ಕೆ ವಾಪಸ್ ಬರೋ ದಾರಿ ಇಲ್ಲ. ಉಜ್ಜಿದ ಕೆಸರನ್ನು ಚರಂಡಿಗೆ ಬಿಟ್ರೆ ಅಲ್ಲೇ ಕಟ್ಟಿಕೊಳ್ಳತ್ತೆ. ಗುಂಡಿಯಲ್ಲಿ ತಳ ಕೂರಿಸಿ ತೆಗೆಯೋದೇ ಸರಿ.

ಕಾರ್ಖಾನೆಯಲ್ಲಿ ಒತ್ತಿ ಮಾಡಿದ ಮೊಸಾಯಿಕ್ ಟೈಲ್ಸೂ ಇದೆ, ಐಎಸ್ 1237ರ ಪ್ರಕಾರ. ಹತ್ತಿಂಚಿನ ಚೌಕ ನೋಡೇ ಇರ್ತೀರಿ. ಅದನ್ನು ಕೂರಿಸಿದ ಮೇಲೂ ಉಜ್ಜಬೇಕು. ವಿಟ್ರಿಫೈಡ್ ಟೈಲ್ಸ್ ಗೆದ್ದಿದ್ದು ಇಲ್ಲೇ ಅಂತ ನಮ್ಮ ಅಭಿಪ್ರಾಯ. ಅದು ಬರುವಾಗಲೇ ಹೊಳೀತಾ ಬರತ್ತೆ. ಗೃಹಪ್ರವೇಶದ ಮುಹೂರ್ತ ಗೊತ್ತಾದ ಮನೆಯಲ್ಲಿ ಮೂರು ವಾರ ಕಾಯ್ತೀವಿ ಅನ್ನೋರು ಯಾರು? ಮೇಸ್ತ್ರಿಯ ಮಗ ಈಗ ಟೈಲ್ಸ್ ಕೆಲಸವನ್ನೇ ಮಾಡ್ತಾರೆ.

ಇನ್ನು ದೊಡ್ಡಪ್ಪನ ಹಾಲ್. ಮೇಸ್ತ್ರಿ ಹೇಳಿಕೊಟ್ಟ ಹಾಗೆ ಕೋಲಿನ ತುದಿಯಿಂದ ಪ್ರತಿ ಪ್ಯಾನೆಲ್ಲನ್ನೂ ಕುಟ್ಟಿ ನೋಡಿದ್ವಿ. ಗಟ್ಟಿ ಇದ್ದ ಕಡೆ ಟಕ್ ಅಂತ ಸಣ್ಣ ಸದ್ದು, ಬಿಟ್ಟುಕೊಂಡ ಕಡೆ ಟೊಳ್ಳು ಸದ್ದು. ಹದಿನೆಂಟರಲ್ಲಿ ಎರಡು ಮಾತ್ರ ಟೊಳ್ಳು, ಎರಡೂ ಅಡುಗೆಮನೆ ಬಾಗಿಲ ಹತ್ತಿರ. ಬಿರುಕು ಒಂದೇ. ಉಳಿದದ್ದು ಬರೀ ಮಂಕು, ಮೇಣ ಮತ್ತು ಕೊಳೆ ಕೂತಿದ್ದು. ಟೈಲ್ಸನ್ನು ಮೇಲೆ ಹಾಕಿದ್ರೆ ನೆಲ ಏರತ್ತೆ, ಬಾಗಿಲು ಎಲ್ಲ ಕೆಳಗೆ ಕೊಯ್ಯಬೇಕು, ಹೊಸ್ತಿಲು ತಗ್ಗತ್ತೆ, ಟೊಳ್ಳು ಟೊಳ್ಳಾಗೇ ಉಳಿಯತ್ತೆ. ಒಡೆದು ತೆಗೆದ್ರೆ ಕಲ್ಲುಮಣ್ಣು ಎಲ್ಲಿಗೆ ಹಾಕೋದು? ಉಜ್ಜಿಸೋದರ ಕಷ್ಟವನ್ನೂ ಮುಚ್ಚಿಡದೆ ಹೇಳಿದ್ವಿ: ಸಾಮಾನೆಲ್ಲ ಹೊರಗೆ, ಗೋಡೆಗೆ ಅರ್ಧ ಅಡಿ ಕೆಸರು, ದಿನಗಟ್ಟಲೆ ಗಲಾಟೆ.

ದೊಡ್ಡಪ್ಪ ಎರಡು ದಿನ ಏನೂ ಹೇಳಲಿಲ್ಲ. ಮೂರನೇ ದಿನ "ಆ ಮೇಸ್ತ್ರಿನ ಕರೀರಿ" ಅಂದ್ರು. ಎರಡು ಪ್ಯಾನೆಲ್ ಕಿತ್ತು ಹೊಸದಾಗಿ ಹಾಕಿ, ಇಡೀ ಹಾಲ್ ಉಜ್ಜಿದ್ದಾಯ್ತು. ಹಳೇ ಬಿಳಿ ಚಿಪ್ಸ್ ಇಷ್ಟು ವರ್ಷದಲ್ಲಿ ಸ್ವಲ್ಪ ಹಳದಿಗೆ ತಿರುಗಿತ್ತು, ಹೊಸದು ಹಾಲಿನ ಬಿಳಿ. ಮೇಸ್ತ್ರಿ ಸಿಮೆಂಟಿಗೆ ಚಿಟಿಕೆ ಹಳದಿ ಆಕ್ಸೈಡು ಬೆರೆಸಿ ನೋಡಿದ್ರು, ಹತ್ತಿರ ಬಂತು, ಒಂದಾಗಲಿಲ್ಲ. ಅಡುಗೆಮನೆಗೆ ಹೋಗುವಾಗ ಆ ಎರಡು ಚೌಕ ಈಗಲೂ ಬೇರೆಯಾಗೇ ಕಾಣತ್ತೆ. ದೊಡ್ಡಮ್ಮ ಅದರ ಮೇಲೆ ಚಾಪೆ ಹಾಕಿದ್ದಾರೆ, ದೊಡ್ಡಪ್ಪ ತೆಗೀತಾರೆ.