ತಂಗಳು ಪೆಟ್ಟಿಗೆಯ ಬಳಕೆ ಮತ್ತು ಪಾಲನೆ

ಆಹಾರವನ್ನು ತಣ್ಣಗಿಡುವ ಯಂತ್ರಕ್ಕೆ ಶೀತಕವೆಂದು ವಿದ್ವಾಂಸರು ಹೆಸರಿಟ್ಟರು. ಜನರ ನಾಲಗೆಯಲ್ಲಿ ಉಳಿದುದು ಫ್ರಿಜ್ ಎಂಬ ಮಾತು. ಇವೆರಡರ ನಡುವೆ ವಿನೋದಕ್ಕೆಂದು ಬಳಕೆಗೆ ಬಂದ 'ತಂಗಳು ಪೆಟ್ಟಿಗೆ' ಎಂಬ ಪದವೇ ನನಗೆ ಹೆಚ್ಚು ಒಪ್ಪಿಗೆಯಾದುದು. ಏಕೆಂದರೆ ಅದು ನಿಜವನ್ನು ಹೇಳುತ್ತದೆ. ಒಳಗಿಟ್ಟ ಅನ್ನವು ಅಲ್ಲಿ ಹೊಸದಾಗುವುದಿಲ್ಲ. ಹಳಸುವುದು ತಡವಾಗುತ್ತದೆ, ಅಷ್ಟೆ. ತಂಪು ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ನಿಧಾನಗೊಳಿಸುವುದೇ ಹೊರತು ಅವನ್ನು ಕೊಲ್ಲುವುದಿಲ್ಲ.

ಈ ಯಂತ್ರದ ತತ್ತ್ವವು ಮಾಸೂರಿನ ಮನೆಗಳಿಗೆ ಅಪರಿಚಿತವಲ್ಲ. ಬೇಸಿಗೆಯಲ್ಲಿ ಮಣ್ಣಿನ ಹರವಿಯ ನೀರು ತಣ್ಣಗಿರುವುದನ್ನು ಎಲ್ಲರೂ ಬಲ್ಲರು. ಹರವಿಯ ಮೈಯಲ್ಲಿ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೊತ್ತೊಯ್ಯುತ್ತದೆ. ಫ್ರಿಜ್ಜಿನ ಕೊಳವೆಯೊಳಗೂ ಒಂದು ದ್ರವವು ಹೀಗೆಯೇ ಆವಿಯಾಗಿ ಒಳಗಿನ ಶಾಖವನ್ನು ಹೀರುತ್ತದೆ. ಭೇದವಿಷ್ಟೆ: ಹರವಿಯ ಆವಿ ಗಾಳಿಯಲ್ಲಿ ಬೆರೆತುಹೋಗುತ್ತದೆ, ಇಲ್ಲಿಯ ಆವಿಯನ್ನು ಕಂಪ್ರೆಸರ್ ಒತ್ತಿ ಹೊರಗಿನ ಸುರುಳಿಗೆ ನೂಕುತ್ತದೆ, ಅದು ಅಲ್ಲಿ ಶಾಖವನ್ನು ಬಿಟ್ಟು ಮತ್ತೆ ದ್ರವವಾಗುತ್ತದೆ. ಆದುದರಿಂದ ಫ್ರಿಜ್ಜನ್ನು ಗೋಡೆಗೆ ಒತ್ತಿ ನಿಲ್ಲಿಸಬಾರದು, ಒಲೆಯ ಮಗ್ಗುಲಲ್ಲಿಯೂ ಇಡಬಾರದು. ಹಿಂಬದಿಯಲ್ಲಿ ಸುರುಳಿ ಕಾಣುವ ಮಾದರಿಯಾದರೆ ಪ್ಲಗ್ ಕಿತ್ತು, ಆರು ತಿಂಗಳಿಗೊಮ್ಮೆ ಧೂಳು ತೆಗೆಯಬೇಕು. ಬಾಗಿಲಿನ ರಬ್ಬರಿನ ನಡುವೆ ಒಂದು ಕಾಗದವನ್ನಿಟ್ಟು ಮುಚ್ಚಿ ಎಳೆದು ನೋಡಿರಿ. ಸಲೀಸಾಗಿ ಬಂದರೆ ತಂಪು ಅಲ್ಲಿಂದ ಸೋರುತ್ತಿದೆ ಎಂದು ತಿಳಿಯಬೇಕು.

ಕೆಳಗಿನ ಭಾಗವು ೪ ಡಿಗ್ರಿ ಸೆಲ್ಸಿಯಸ್ಸನ್ನು ಮೀರಬಾರದು. ಫ್ರೀಜರ್ ಸೊನ್ನೆಗಿಂತ ೧೮ ಡಿಗ್ರಿ ಕೆಳಗಿರಬೇಕು. ಮಳೆಗಾಲದ ತೇವದ ಗಾಳಿಯಿಂದ ಹಳೆಯ ಮಾದರಿಗಳಲ್ಲಿ ಮಂಜು ಬೇಗ ಕಟ್ಟುತ್ತದೆ. ಅದನ್ನು ಚಾಕುವಿನಿಂದ ಕೆರೆಯುವವರನ್ನು ಕಂಡರೆ ಭಯವಾಗುತ್ತದೆ. ಓಜೋನ್ ಪದರದ ರಕ್ಷಣೆಗಾಗಿ ೧೯೮೭ರಲ್ಲಿ ಮಾಂಟ್ರಿಯಲ್ ಒಪ್ಪಂದವಾದ ಬಳಿಕ ಹಿಂದಿನ ಅನಿಲಗಳು ಮರೆಯಾದವು. ಇಂದಿನ ಅನೇಕ ಫ್ರಿಜ್ಜುಗಳಲ್ಲಿರುವುದು ಐಸೋಬ್ಯುಟೇನ್, ಉರಿಯುವ ಅನಿಲ. ಚಾಕು ತಗುಲಿ ಕೊಳವೆ ತೂತಾದರೆ ಯಂತ್ರವೂ ಕೆಟ್ಟಿತು, ಅಪಾಯವೂ ಬಂದಿತು. ಪ್ಲಗ್ ತೆಗೆದು, ಬಾಗಿಲು ತೆರೆದು, ಮಂಜು ತಾನಾಗಿ ಕರಗುವವರೆಗೆ ಕಾಯುವುದೇ ಸರಿಯಾದ ಕ್ರಮ.

ಅನ್ನದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಕೆಲವು ಜೀವಾಣುಗಳ ಬೀಜಕಗಳು ಅಕ್ಕಿ ಬೆಂದರೂ ಸಾಯುವುದಿಲ್ಲ. ರಾತ್ರಿಯೆಲ್ಲ ಹೊರಗೇ ಉಳಿದ ಅನ್ನದಲ್ಲಿ ಅವು ಬೆಳೆದು ವಿಷವನ್ನು ಹುಟ್ಟಿಸುತ್ತವೆ. ಮರುದಿನ ಒಗ್ಗರಣೆ ಹಾಕಿ ಬಿಸಿಮಾಡಿದರೂ ಆ ವಿಷ ನಾಶವಾಗದು. ಉಳಿದುದನ್ನು ಅಗಲವಾದ ಪಾತ್ರೆಯಲ್ಲಿ ಹರಡಿ, ಆರಿಸಿ, ೨ ಗಂಟೆಯೊಳಗೆ ಒಳಗಿಡತಕ್ಕದ್ದು. ಕಡಕ್ ರೊಟ್ಟಿ, ಗುರೆಳ್ಳು ಚಟ್ನಿಪುಡಿಗಳಿಗೆ ಈ ಉಪಚಾರವೇ ಬೇಡ. ನೀರಿನಂಶವಿಲ್ಲದ್ದರಿಂದ ಅವು ತಾವೇ ಬಾಳುತ್ತವೆ. ಒಣಗಿದ ಬ್ಯಾಡಗಿ ಮೆಣಸಿನಕಾಯಿಯನ್ನು ವರ್ತಕರು ಶೀತಲಗೃಹಗಳಲ್ಲಿ ತುಂಬಿಡುವುದು ಮುಖ್ಯವಾಗಿ ಅದರ ಕೆಂಪು ಬಣ್ಣ ಮಾಸದಿರಲೆಂದು.

ಮಧುಮೇಹಿಗಳಿರುವ ಮನೆಯಲ್ಲಿ ಫ್ರಿಜ್ಜು ಔಷಧದ ಕಪಾಟೂ ಹೌದು. ತೆರೆಯದ ಇನ್ಸುಲಿನ್‌ಗೆ ೨ರಿಂದ ೮ ಡಿಗ್ರಿಯ ತಂಪು ಬೇಕು. ಹೆಪ್ಪುಗಟ್ಟಿದರೆ, ಕರಗಿದ ಮೇಲೆ ನೋಡಲು ಚೆನ್ನಾಗಿದ್ದರೂ, ಅದನ್ನು ಬಳಸಬಾರದು. ಆದ್ದರಿಂದ ಫ್ರೀಜರಿನಲ್ಲಿಯೂ ಅದರ ಸಮೀಪದಲ್ಲಿಯೂ ಇಡಕೂಡದು.

ಇನ್ನು ವಿದ್ಯುತ್ತು ನಿಂತಾಗಿನ ಮಾತು. ಬಾಗಿಲು ತೆರೆಯದಿದ್ದರೆ ಕೆಳಗಿನ ಭಾಗ ಸುಮಾರು ೪ ಗಂಟೆ ತಂಪಾಗಿರುತ್ತದೆ. ತುಂಬಿದ ಫ್ರೀಜರ್ ಸುಮಾರು ೪೮ ಗಂಟೆ, ಅರ್ಧ ತುಂಬಿದುದು ೨೪ ಗಂಟೆ ತಡೆಯುತ್ತದೆ. ವಿದ್ಯುತ್ತು ಮರಳಿದ ಕ್ಷಣವೇ ಚಾಲೂ ಮಾಡದೆ ಐದು ನಿಮಿಷ ತಾಳಿದರೆ ಕಂಪ್ರೆಸರಿಗೆ ಕ್ಷೇಮ. ಊರಿಗೆ ಹೋಗುವವರು ಒಂದು ಬಟ್ಟಲಿನಲ್ಲಿ ನೀರನ್ನು ಹೆಪ್ಪುಗಟ್ಟಿಸಿ, ಮೇಲೊಂದು ನಾಣ್ಯವನ್ನಿಟ್ಟು ಫ್ರೀಜರಿನಲ್ಲಿ ಬಿಟ್ಟುಹೋಗಲಿ. ಹಿಂದಿರುಗಿದಾಗ ನಾಣ್ಯವು ತಳ ಸೇರಿದ್ದರೆ, ನಡುವೆ ಎಲ್ಲವೂ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ. ಒಳಗಿನ ಪದಾರ್ಥವನ್ನು ಚೆಲ್ಲಬೇಕು.