ಹೊಸ ಸಭೆಗಳ ಸ್ಥಾಪನೆ ಯಾಕೆ ಅವಶ್ಯ?

ಊರಿನಲ್ಲಿ ದೊಡ್ಡ ದೇವಾಲಯವಿದ್ದು ಅದರಲ್ಲಿ ಇನ್ನೂ ಸ್ಥಳವಿರುವಾಗ, ಕೆಲವು ಮೈಲಿಗಳ ಆಚೆ ಮತ್ತೊಂದು ಸಭೆಯನ್ನು ಸ್ಥಾಪಿಸುವದು ಯಾಕೆಂದು ಭಕ್ತರೂ ಕೇಳುವದುಂಟು. ಈ ಪ್ರಶ್ನೆಯು ಅಲಕ್ಷ್ಯಮಾಡತಕ್ಕದ್ದಲ್ಲ. ಹೊಸ ಸಭೆಗೆ ಜನವೂ ಹಣವೂ ಬೇಕು. ಇವೆರಡೂ ಬಹುಶಃ ಹಳೆಯ ಸಭೆಯಿಂದಲೇ ಹೋಗಬೇಕು. ಆದಕಾರಣ ಅಪೊಸ್ತಲರ ಕಾಲದ ಮೂರು ಸಭೆಗಳನ್ನು ನೋಡಿ ಉತ್ತರವನ್ನು ವಿಚಾರಿಸೋಣ.

ಮೊದಲನೆಯದು ಅಂತಿಯೋಕ್ಯ. ಅಪೊಸ್ತಲರ ಕೃತ್ಯಗಳ 13 ನೆಯ ಅಧ್ಯಾಯವು ಆ ಸಭೆಯ ಐವರು ಪ್ರವಾದಿಗಳನ್ನೂ ಬೋಧಕರನ್ನೂ ಹೆಸರಿಸುತ್ತದೆ. ಅವರಲ್ಲಿ ಬಾರ್ನಬನನ್ನೂ ಸೌಲನನ್ನೂ ಸಭೆಯು ಪ್ರಾರ್ಥಿಸಿ ಕಳುಹಿಸಿಕೊಟ್ಟಿತು. ಹೀಗೆ ತನ್ನ ಶ್ರೇಷ್ಠರನ್ನು ಕೊಟ್ಟದ್ದರಿಂದ ಅದು ಬಡವಾಯಿತೋ? ಇಲ್ಲ. ಅವರು ಹಿಂದಿರುಗಿ ಬಂದಾಗ ಸಭೆಯೆಲ್ಲಾ ಕೂಡಿ ಅವರ ವರ್ತಮಾನವನ್ನು ಕೇಳಿತು. ಪೌಲನ ಎರಡನೆಯ ಪ್ರಯಾಣವೂ ಅಲ್ಲಿಂದಲೇ ಹೊರಟಿತು. ಬಾಳೆಯು ಕಂದುಗಳನ್ನು ಬಿಡುವದರಿಂದಲೇ ತೋಟವು ಉಳಿಯುತ್ತದೆ. ಕಂದಿಲ್ಲದ ಬಾಳೆಯು ಒಂದೇ ಗೊನೆಗೆ ತೀರಿಹೋಗುವದು.

ಎರಡನೆಯದು ಫಿಲಿಪ್ಪಿ. ಅಲ್ಲಿ ಸಭೆಯು ಹುಟ್ಟಿದ್ದು ನದೀತೀರದಲ್ಲಿ ಪ್ರಾರ್ಥನೆಗೆ ಕೂಡಿದ್ದ ಸ್ತ್ರೀಯರ ನಡುವೆ. ಧೂಮ್ರವರ್ಣದ ವಸ್ತ್ರಗಳನ್ನು ಮಾರುತ್ತಿದ್ದ ಲುದ್ಯಳು ದೀಕ್ಷಾಸ್ನಾನ ಹೊಂದಿ ತನ್ನ ಮನೆಯನ್ನು ತೆರೆದಳು. ಎಳೆಯ ಸಭೆಯು ಭಾರವಾಗುವದೆಂದು ಹೇಳುವವರುಂಟು. ಆದರೆ ಪೌಲನು ಥೆಸಲೊನೀಕದಲ್ಲಿದ್ದಾಗ ಈ ಎಳೆಯ ಸಭೆಯೇ ಒಂದೆರಡು ಸಾರಿ ಅವನಿಗೆ ಸಹಾಯವನ್ನು ಕಳುಹಿಸಿತು.

ಮೂರನೆಯದು ಕೆಂಖ್ರೆ. ಇದು ಕೊರಿಂಥದ ಬಂದರು, ನಡೆದುಹೋಗುವಷ್ಟೇ ದೂರ. ಕೊರಿಂಥದಲ್ಲಿ ಸಭೆಯಿದ್ದರೂ ಬಂದರಿನವರಿಗೆ ತಮ್ಮದೇ ಆದ ಸಭೆಯಿತ್ತು. ಫೊಯಿಬೆಯು ಅದರ ಸೇವಕಿಯಾಗಿದ್ದಳು. ಪೌಲನು ಅವಳನ್ನು ರೋಮಾಪುರದವರಿಗೆ ಒಪ್ಪಿಸಿ ಬರೆದನು. ದೊಡ್ಡ ಸಭೆಯಲ್ಲಿ ಹಲವರು ಕೇಳುವವರಾಗಿಯೇ ಉಳಿಯುವರು. ಚಿಕ್ಕ ಸಭೆಯಲ್ಲಾದರೋ ಪ್ರತಿಯೊಬ್ಬರಿಗೂ ಕೆಲಸ ಸಿಕ್ಕುವದು.

ಆದಾಗ್ಯೂ ಎರಡು ಎಚ್ಚರಿಕೆಗಳುಂಟು. ಜಗಳದಿಂದ ಒಡೆದು ಹೋಗುವದು ಸಭಾಸ್ಥಾಪನೆಯಲ್ಲ. ಪಂಗಡ ಕಟ್ಟಿದ ಕೊರಿಂಥದವರನ್ನು ಪೌಲನು ಗದರಿಸಿದನು. ಮತ್ತು ಪರರ ಆಧಾರದ ಮೇಲೆಯೇ ನಿಂತ ಸಭೆಯು ಆ ಆಧಾರವು ತಪ್ಪಿದರೆ ಬೀಳುವದು. ಬಾಸೆಲ್ ಮಿಷನ್ನಿನವರು 1834 ರಲ್ಲಿ ಮಂಗಳೂರಿಗೆ ಬಂದು ಸಭೆಗಳನ್ನೂ ಶಾಲೆಗಳನ್ನೂ ಸ್ಥಾಪಿಸಿದರು. 1914 ರಲ್ಲಿ ಆರಂಭವಾದ ಮಹಾಯುದ್ಧದಲ್ಲಿ ಜರ್ಮನ್ ಮಿಷನೆರಿಗಳು ತಮ್ಮ ಕೆಲಸವನ್ನು ಬಿಡಬೇಕಾಯಿತು. ಮಿಷನ್ನಿನ ಕಾರ್ಖಾನೆಗಳೂ ಅವರ ಕೈತಪ್ಪಿದವು. ಆಗ ದೇಶೀಯ ಸಭಾಪಾಲಕರೂ ಹಿರಿಯರೂ ಭಾರವನ್ನು ಹೊತ್ತರು; ಸಭೆಗಳು ಅಳಿಯಲಿಲ್ಲ. ಹೊಸ ಸಭೆಯು ಮೊದಲಿನಿಂದಲೇ ಸ್ವಂತ ಹಿರಿಯರನ್ನೂ ಸ್ವಂತ ಕಾಣಿಕೆಯನ್ನೂ ಹೊಂದಿರಬೇಕೆಂಬದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಡ.

ಪ್ರಿಯ ಸಹೋದರಿಯರೇ, ಈ ಶಾಲೆಯನ್ನು ಬಿಟ್ಟ ಮೇಲೆ ನಿಮ್ಮಲ್ಲಿ ಕೆಲವರು ಉಪಾಧ್ಯಾಯಿನಿಯರಾಗಿ, ಕೆಲವರು ದಾದಿಯರಾಗಿ, ಕೆಲವರು ಗೃಹಿಣಿಯರಾಗಿ ದೂರದ ಊರುಗಳಿಗೆ ಹೋಗುವಿರಿ. ಅಲ್ಲಿ ದೇವಾಲಯದ ಗಂಟೆಯು ಕೇಳಿಸದೆ ಇರಬಹುದು. ಆಗ, ಇಲ್ಲಿ ಸಭೆಯಿಲ್ಲವಲ್ಲಾ ಎಂದು ವ್ಯಸನಪಡುವದೋ, ಲುದ್ಯಳಂತೆ ಮನೆಯ ಬಾಗಿಲನ್ನು ತೆರೆಯುವದೋ ಎಂಬದು ನಿಮಗೆ ಸೇರಿದ್ದು. ನಾಲ್ಕು ಮಂದಿ ನೆರೆಯವರು, ಒಂದು ಸತ್ಯವೇದ, ಒಂದು ಚಾಪೆ, ಇಷ್ಟಿದ್ದರೆ ಆರಂಭಕ್ಕೆ ಸಾಕು.