ಲಾರಿ ಬಾಡಿಯ ರಕ್ಷಾಲೇಪನ: ದರಪಟ್ಟಿಯನ್ನು ಓದುವ ಬಗೆ

ನವಮಂಗಳೂರು ಬಂದರಿನಿಂದ ರಸಗೊಬ್ಬರ ಸಾಗಿಸುವ ಲಾರಿಗಳ ಉಕ್ಕಿನ ತಳವನ್ನು ತೇವ ಹಾಗೂ ಲವಣಗಳೆರಡೂ ತಿನ್ನುತ್ತವೆ. ಇದನ್ನು ತಡೆಯಲು ಪಾಲಿಯೂರಿಯಾ ಲೇಪನವನ್ನು ಸಿಂಪಡಿಸುವ ಪದ್ಧತಿಯಿದೆ. ಎರಡು ದ್ರವಗಳನ್ನು ಕಾಯಿಸಿ, ಅಧಿಕ ಒತ್ತಡದಲ್ಲಿ ಗನ್ನಿನೊಳಗೆ ಬೆರೆಸಿ ಸಿಂಪಡಿಸಿದೊಡನೆ ಕೆಲವೇ ಸೆಕೆಂಡುಗಳಲ್ಲಿ ಲೇಪನವು ಗಟ್ಟಿಗೊಳ್ಳುತ್ತದೆ. ಸಾಮಾನ್ಯ ಪೇಂಟರುಗಳಿಂದ ಆಗುವ ಕೆಲಸವಲ್ಲ.

ದರಪಟ್ಟಿಯಲ್ಲಿ ಮೊದಲು ನೋಡಬೇಕಾದುದು ದಪ್ಪವನ್ನು. ಒಂದು ಚದರ ಮೀಟರಿಗೆ ಒಂದು ಮಿ.ಮೀ. ದಪ್ಪದ ಲೇಪನವೆಂದರೆ ಒಂದು ಲೀಟರು ಸಾಮಗ್ರಿ. 30 ಚದರ ಮೀಟರಿಗೆ 3 ಮಿ.ಮೀ. ಆದರೆ 90 ಲೀಟರು, 2 ಮಿ.ಮೀ. ಆದರೆ 60. ದಪ್ಪವನ್ನು ಕೇಳದೆ ದರವನ್ನಷ್ಟೇ ಹೋಲಿಸಿದವರಿಗೆ ಮೂರರಲ್ಲೊಂದು ಪಾಲು ಕಡಿಮೆಯಾದುದು ತಿಳಿಯುವುದೇ ಇಲ್ಲ.

ಇದಕ್ಕಿಂತಲೂ ಮುಖ್ಯವಾದುದು ಮೇಲ್ಮೈ ಸಿದ್ಧತೆ. ಲವಣವನ್ನು ತೊಳೆದು, ಬ್ಲಾಸ್ಟಿಂಗ್‌ನಿಂದ ತುಕ್ಕನ್ನು ಎಸ್‌ಎ 2½ ಮಟ್ಟದವರೆಗೆ ತೆಗೆದು, ಪ್ರೈಮರ್ ಬಳಿಯದಿದ್ದರೆ ಲೇಪನದ ಅಡಿಯಲ್ಲಿಯೇ ತುಕ್ಕು ಹಬ್ಬುತ್ತದೆ, ಹೊರಗೆ ಕಾಣುವುದಿಲ್ಲ. ಅಗ್ಗದ ದರಗಳು ಹುಟ್ಟುವುದು ಬಹುಮಟ್ಟಿಗೆ ಇಲ್ಲಿಯೇ.

ಲಾರಿ ನಿಂತ ದಿನಗಳ ನಷ್ಟವನ್ನೂ ಸೇರಿಸಬೇಕು. ಶೇ. 5ರ ಜಿ.ಎಸ್.ಟಿ. ಪದ್ಧತಿಯಲ್ಲಿರುವ ಸಾಗಣೆದಾರರಿಗೆ ಹೂಡುವಳಿ ತೆರಿಗೆ ಜಮೆ ದೊರೆಯದ ಕಾರಣ, ಲೇಪನದ ಮೇಲಿನ ತೆರಿಗೆಯೂ ಅವರಿಗೆ ವೆಚ್ಚವೇ. ತಳದ ತಗಡು ಈಗಾಗಲೇ ಸವೆದಿದ್ದರೆ ಮೊದಲು ತಗಡನ್ನು ಬದಲಿಸುವುದು ಲೇಸು.